ಪ್ರಭಾರಿ ಕುರ್ಚಿ, ಮುರಿದ ಅವಧಿಗಳು: ಬ್ಯಾಡಗಿ ಸೀಮೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಪ್ರಕರಣ ಅಧ್ಯಯನ

ಇದು ಮುಖ್ಯಶಿಕ್ಷಕರ ತರಬೇತಿಯಲ್ಲಿ ಚರ್ಚೆಗೆ ಇಡಲೆಂದು ಹೆಣೆದ ಮಾದರಿ ಪ್ರಕರಣ. ಶಾಲೆಯೂ ಅದರ ಅಂಕಿಗಳೂ ಯಾವುದೇ ಒಂದು ಊರಿಗೆ ಸೇರಿದವಲ್ಲ. ಹಾವೇರಿ, ಗದಗ ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ದಿನನಿತ್ಯ ಎದುರಾಗುವ ತೊಡಕುಗಳನ್ನು ಒಂದೇ ಶಾಲೆಯೊಳಗೆ ತಂದಿಟ್ಟಿದ್ದೇವೆ. ಕಾಯ್ದೆ, ಅನುದಾನ, ಬಿಸಿಯೂಟದ ಪ್ರಮಾಣ ಮಾತ್ರ ಜಾರಿಯಲ್ಲಿರುವಂಥವೇ.

ಶಾಲೆಯ ಸ್ಥಿತಿ

ಬ್ಯಾಡಗಿ ಮಾರುಕಟ್ಟೆಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. 1ರಿಂದ 7ನೇ ತರಗತಿಯವರೆಗೆ 168 ಮಕ್ಕಳು: ನಲಿ-ಕಲಿಯ (1ರಿಂದ 3ನೇ ತರಗತಿಯವರು ಒಟ್ಟಿಗೆ ಕೂತು ಕಾರ್ಡುಗಳಿಂದ ಕಲಿಯುವ ಪದ್ಧತಿ) ಎರಡು ಘಟಕಗಳಲ್ಲಿ 66, ನಾಲ್ಕರಲ್ಲಿ 24, ಐದರಲ್ಲಿ 26, ಆರರಲ್ಲಿ 27, ಏಳರಲ್ಲಿ 25. ಮುಖ್ಯಶಿಕ್ಷಕರ ಹುದ್ದೆ ಖಾಲಿ. ಕಾಯಂ ಶಿಕ್ಷಕರು ನಾಲ್ವರು, ಅತಿಥಿ ಶಿಕ್ಷಕರು ಇಬ್ಬರು. ಸೇವಾ ಹಿರಿತನದಲ್ಲಿ ಮೊದಲಿದ್ದ ಮಾಸ್ತರು ಆರೋಗ್ಯದ ಕಾರಣ ಕೊಟ್ಟು ಪ್ರಭಾರ, ಅಂದರೆ ಆ ಹುದ್ದೆಯ ತಾತ್ಕಾಲಿಕ ಹೊಣೆ, ಬೇಡವೆಂದು ಬರೆದುಕೊಟ್ಟರು. ಅವರ ನಂತರದ ಶಿಕ್ಷಕಿಗೆ ಅದು ಬಂತು. ಆರು ಮತ್ತು ಏಳನೇ ತರಗತಿಯ ಗಣಿತ, ವಿಜ್ಞಾನ ಕಲಿಸುವವರೂ ಅವರೇ.

ಕಾಗದದ ಮೇಲೆ ಈ ಶಾಲೆಗೆ ಕೊರತೆಯೇ ಕಾಣುವುದಿಲ್ಲ. 168 ಮಕ್ಕಳಿಗೆ 6 ಶಿಕ್ಷಕರು ಎಂದರೆ ಒಬ್ಬರಿಗೆ 28 ಮಕ್ಕಳು. 2009ರ ಶಿಕ್ಷಣ ಹಕ್ಕು ಕಾಯ್ದೆ ಕಿರಿಯ ಹಂತಕ್ಕೆ 30, ಹಿರಿಯ ಹಂತಕ್ಕೆ 35 ಮಕ್ಕಳಿಗೊಬ್ಬ ಶಿಕ್ಷಕರನ್ನು ಕೇಳುತ್ತದೆ. ಆದರೆ ಪಾಠ ನಡೆಯುವ ಘಟಕಗಳನ್ನು ಎಣಿಸಿ: ನಲಿ-ಕಲಿ ಎರಡು, ಮೇಲಿನ ತರಗತಿಗಳು ನಾಲ್ಕು, ಒಟ್ಟು ಆರು. ಶಿಕ್ಷಕರೂ ಆರೇ. ಅಂದರೆ ಯಾರೊಬ್ಬರು ಎದ್ದು ಹೊರಗೆ ಹೋದರೂ ಒಂದು ತರಗತಿ ಮಾಸ್ತರರಿಲ್ಲದೆ ಕೂರುತ್ತದೆ. ಪ್ರಭಾರ ಹೊತ್ತವರಂತೂ ದಿನಕ್ಕೆ ಹತ್ತು ಸಲ ಏಳಲೇಬೇಕು. ಶಿಕ್ಷಕ-ವಿದ್ಯಾರ್ಥಿ ಅನುಪಾತವನ್ನಷ್ಟೇ ನೋಡುವ ಅಧಿಕಾರಿಗೆ ಇದು ಕಾಣುವುದಿಲ್ಲ. ಸಣ್ಣ ಊರಿನ ಶಾಲೆಗಳ ಆಡಳಿತದ ಬಹುಪಾಲು ತೊಡಕು ಇಲ್ಲಿಯೇ ಹುಟ್ಟುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಭಾರ ವಹಿಸಿಕೊಂಡ ದಿನ

ಪ್ರಭಾರ ಎಂದರೆ ಕಪಾಟಿನ ಕೀಲಿಕೈ ಇಸಿದುಕೊಳ್ಳುವುದಷ್ಟೇ ಅಲ್ಲ. ದಾಖಲಾತಿ ವಹಿ, ಹಾಜರಿ ಪುಸ್ತಕ, ವರ್ಗಾವಣೆ ಪತ್ರದ ಪುಸ್ತಕ, ನಗದು ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ದಾಸ್ತಾನು ವಹಿ, ಎಸ್‌ಡಿಎಂಸಿ (ಪಾಲಕರ ಶಾಲಾಭಿವೃದ್ಧಿ ಸಮಿತಿ) ನಡಾವಳಿ ಪುಸ್ತಕ, ಅಕ್ಷರ ದಾಸೋಹದ (ಬಿಸಿಯೂಟದ) ಲೆಕ್ಕ, ಸ್ಯಾಟ್ಸ್ (ಮಕ್ಕಳ ದಾಖಲೆಯ ಜಾಲತಾಣ) ಮತ್ತು ಯು-ಡೈಸ್ (ಶಾಲೆಗಳ ಅಂಕಿಅಂಶದ ಜಾಲತಾಣ) ಲಾಗಿನ್ – ಇಷ್ಟನ್ನೂ ಒಂದೊಂದಾಗಿ ನೋಡಿ ಪಟ್ಟಿಗೆ ಸಹಿ ಹಾಕಬೇಕು. ಸಂಕೋಚಕ್ಕೆ ಬಿದ್ದು "ಎಲ್ಲಾ ಸರಿ ಐತ್ರಿ" ಎಂದು ಸಹಿ ಮಾಡುವವರೇ ಹೆಚ್ಚು. ಎರಡು ವರ್ಷದ ನಂತರ ಲೆಕ್ಕ ತಪಾಸಣೆಯಲ್ಲಿ ಕೊರತೆ ಬಂದಾಗ ಹೊಣೆ ಕೊನೆಗೆ ಸಹಿ ಹಾಕಿದವರ ಮೇಲೆ ಬೀಳುತ್ತದೆ.

ಇಲ್ಲಿ ಅಕ್ಕಿ ತೂಗಿಸಿದಾಗ ಪುಸ್ತಕದಲ್ಲಿ 412 ಕಿಲೋ, ಕೋಣೆಯಲ್ಲಿ 378 ಕಿಲೋ. 34 ಕಿಲೋ ವ್ಯತ್ಯಾಸ. ಕಾರಣ ಹುಡುಕಿದರೆ ಒಂದಿಷ್ಟು ಸಿಕ್ಕಿತು: ಬಂದ ಚೀಲಗಳನ್ನು ಗೋಣಿಯ ತೂಕ ಕಳೆಯದೆ ಬರೆದುಕೊಂಡಿದ್ದರು, ಕೆಳಗಿನ ಚೀಲ ಗೋಡೆಗೆ ತಾಗಿ ನೆನೆದು ಹುಳು ಬಿದ್ದಿದ್ದರಿಂದ ಒಂದಷ್ಟು ಅಕ್ಕಿ ಚೆಲ್ಲಿದ್ದರು, ಚೆಲ್ಲಿದ್ದನ್ನು ಬರೆದಿರಲಿಲ್ಲ. ಉಳಿದದ್ದಕ್ಕೆ ಉತ್ತರ ಸಿಗಲಿಲ್ಲ. ಪ್ರಭಾರಿ ಶಿಕ್ಷಕಿ ಮಾಡಿದ್ದು ಸರಿಯಾದ ಕ್ರಮ: ವಹಿಯ ಅಂಕಿಗೆ ಸಹಿ ಹಾಕಲಿಲ್ಲ. ತೂಗಿದ ಅಂಕಿಯನ್ನೇ ಬರೆದು, ಎಸ್‌ಡಿಎಂಸಿ ಅಧ್ಯಕ್ಷರ ಎದುರು ಮರುತೂಕ ಮಾಡಿಸಿ, ಇಬ್ಬರ ಸಹಿಯೊಂದಿಗೆ ತಾಲ್ಲೂಕಿನ ಅಕ್ಷರ ದಾಸೋಹ ಅಧಿಕಾರಿಗೆ ಅಂದೇ ಪತ್ರ ಕೊಟ್ಟರು. ಹಿಂದಿನವರ ಮೇಲೆ ಆರೋಪದ ಒಂದು ಮಾತೂ ಆ ಪತ್ರದಲ್ಲಿ ಇರಲಿಲ್ಲ, ಅಂಕಿ ಮಾತ್ರ ಇತ್ತು. ಹಳೆಯ ಸಹೋದ್ಯೋಗಿಗಳ ಜೊತೆ ಸಂಬಂಧ ಕೆಡದೆ ಉಳಿದದ್ದಕ್ಕೆ ಇದೂ ಒಂದು ಕಾರಣ.

ಹೊತ್ತು ಎಲ್ಲಿ ಹೋಗುತ್ತದೆ

ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 40 ನಿಮಿಷದ 8 ಅವಧಿ, ಶನಿವಾರ ಬೆಳಗಿನ ಶಾಲೆಯಲ್ಲಿ 5, ವಾರಕ್ಕೆ 45. ಪ್ರಭಾರಿಯ ಪಾಲಿಗೆ 30 ಅವಧಿ. ಉಳಿದ 15 ಅವಧಿಗಳಲ್ಲಿ ಆರು-ಏಳನ್ನು ಕೂಡಿಸಿ ಇನ್ನೊಬ್ಬ ಶಿಕ್ಷಕರೇ ನೋಡಿಕೊಳ್ಳುತ್ತಿದ್ದರು.

ಎರಡು ವಾರ ಅವರು ಒಂದು ಹಾಳೆ ಇಟ್ಟುಕೊಂಡರು. ಅವಧಿ ಪೂರ್ತಿ ನಡೆದರೆ ಒಂದು ಗೆರೆ, ನಡುವೆ ಮುರಿದರೆ ಅಥವಾ ತಪ್ಪಿದರೆ ಕಾರಣ. 60 ಅವಧಿಗಳಲ್ಲಿ ಪೂರ್ತಿ ನಡೆದದ್ದು 37. ಕೈತಪ್ಪಿದ 23ರಲ್ಲಿ ತಾಲ್ಲೂಕು ಸಭೆಗೆ ಹೋದದ್ದು 6. "ತುರ್ತು ಮಾಹಿತಿ" ಕೇಳಿ ಬಂದ ಫೋನು, ವಾಟ್ಸಾಪ್‌ಗೆ 8. ಅಡುಗೆಮನೆ, ರೇಷನ್‌ಗೆ 5. ವ್ಯಾಸಂಗ ಪ್ರಮಾಣ ಪತ್ರ, ವರ್ಗಾವಣೆ ಪತ್ರ ಕೇಳಿ ಬಂದ ಪಾಲಕರಿಗೆ 4.

"ಮೀಟಿಂಗಿಗೆ ಕರದು ಕರದು ಸಾಲಿ ಹಾಳ ಮಾಡಿದ್ರು" ಎಂಬ ಮಾತು ಶಿಕ್ಷಕರ ಕೋಣೆಯಲ್ಲಿ ಸದಾ ಕೇಳುತ್ತದೆ. ಈ ಹಾಳೆ ಹೇಳಿದ್ದು ಬೇರೆ. 23ರಲ್ಲಿ 17 ಅವಧಿ ಮುರಿದದ್ದು ಶಾಲೆಯ ಅಂಗಳದೊಳಗೇ. ಸಭೆ ಮೊದಲೇ ಗೊತ್ತಿರುತ್ತದೆ, ಆ ದಿನಕ್ಕೆ ತರಗತಿ ಹೊಂದಿಸಬಹುದು. ಹತ್ತು ನಿಮಿಷದ ಫೋನು ಹಾಗಲ್ಲ: ಮಕ್ಕಳು ಲೆಕ್ಕದ ಮೂರನೇ ಹಂತದಲ್ಲಿದ್ದಾಗ ಎದ್ದು ಹೋದರೆ, ಮರಳಿದ ಮೇಲೆ ಮೊದಲ ಹಂತದಿಂದ ಶುರು ಮಾಡಬೇಕು. ಹೋದದ್ದು ಹತ್ತು ನಿಮಿಷವಲ್ಲ, ಇಡೀ ಅವಧಿ.

ಸಮೀಕ್ಷೆಗಳ ಹೊರೆಯೂ ಸಣ್ಣದಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಚ್ಚಿದ್ದರಿಂದ ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದುವರಿದದ್ದು ಎಲ್ಲರಿಗೂ ನೆನಪಿದೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಆದರೆ ಅದನ್ನು ಹಿಡಿದು ಸರ್ಕಾರದ ಜೊತೆ ವಾದಿಸುವುದು ಒಬ್ಬ ಪ್ರಭಾರಿಯ ಅಳವಲ್ಲ, ಅದು ಸಂಘದ ಕೆಲಸ. ತನ್ನ ಅಂಗಳದ 17 ಅವಧಿ ಮಾತ್ರ ಅವರ ಕೈಯಲ್ಲೇ ಇತ್ತು.

ಅಂಗಳದೊಳಗಿನ ಸುಧಾರಣೆ

ಮಾಹಿತಿ ಕೇಳಿದ 8 ಸಂದರ್ಭಗಳನ್ನು ಬಿಡಿಸಿ ನೋಡಿದರೆ 6ರಲ್ಲಿ ಕೇಳಿದ್ದು ಯು-ಡೈಸ್ ಅಥವಾ ಸ್ಯಾಟ್ಸ್‌ನಲ್ಲಿ ಇಲಾಖೆಯ ಬಳಿ ಆಗಲೇ ಇದ್ದ ಅಂಕಿ: ತರಗತಿವಾರು ಗಂಡು-ಹೆಣ್ಣು, ಜಾತಿವಾರು ಸಂಖ್ಯೆ, ಕೋಣೆ, ಶೌಚಾಲಯ, ಖಾಲಿ ಹುದ್ದೆ. ಹಾಗಾಗಿ ಒಂದೇ ಪುಟದ ಮಾಹಿತಿ ಹಾಳೆ ಮಾಡಿ, ಪ್ರತಿ ತಿಂಗಳ ಮೊದಲ ದಿನ ತಿದ್ದಿ, ಅದರ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡರು. ಹತ್ತರಿಂದ ಊಟದ ಬಿಡುವಿನವರೆಗೆ ಫೋನು ಕಪಾಟಿನಲ್ಲಿ. ಉತ್ತರ ಕೊಡುವುದು ದಿನಕ್ಕೆ ಎರಡೇ ಸಲ, ಊಟದ ನಂತರ ಹತ್ತು ನಿಮಿಷ ಮತ್ತು ಶಾಲೆ ಬಿಟ್ಟ ಮೇಲೆ. ಇದನ್ನು ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೊದಲೇ ಹೇಳಿ ಒಪ್ಪಿಸಿದ್ದರು. ಹೇಳದೆ ಫೋನು ಮುಚ್ಚಿಟ್ಟಿದ್ದರೆ ಮೂರನೇ ದಿನಕ್ಕೆ ನೋಟಿಸು ಬರುತ್ತಿತ್ತು.

ಅಡುಗೆಯ ತೂಕದ ಲೆಕ್ಕ ಹೀಗಿದೆ. 1ರಿಂದ 5ರವರೆಗಿನ 116 ಮಕ್ಕಳಿಗೆ ತಲಾ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರು-ಏಳರ 52 ಮಕ್ಕಳಿಗೆ 150, 30, 75, 7.5 ಗ್ರಾಂ. ಎಲ್ಲರೂ ಬಂದ ದಿನ 19.4 ಕಿಲೋ ಅಕ್ಕಿ, 3.88 ಕಿಲೋ ಬೇಳೆ. ಮೊದಲು ಹಾಜರಿ ಮುಗಿದ ಮೇಲೆ, ಅಂದರೆ ಮೊದಲನೇ ಅವಧಿಯ ನಡುವೆ ತೂಗುತ್ತಿದ್ದರು. ಈಗ ಪ್ರಾರ್ಥನೆಗೂ ಮುಂಚೆ, ಹಿಂದಿನ ದಿನದ ಹಾಜರಾತಿಯ ಮೇಲೆ ತೂಗುತ್ತಾರೆ. ವಾರಕ್ಕೊಬ್ಬ ಶಿಕ್ಷಕರ ಪಾಳಿ. ಹಾಜರಿ ಬಂದ ಮೇಲೆ ಹೆಚ್ಚಾದ ಅಕ್ಕಿ ಡಬ್ಬಿಗೆ ಮರಳುತ್ತದೆ, ಕಡಿಮೆಯಾದರೆ ಮುಖ್ಯ ಅಡುಗೆಯವರು ತೆಗೆದು ಬರೆಯುತ್ತಾರೆ. ಹಬ್ಬದ ಮರುದಿನ ಈ ಲೆಕ್ಕ ಕೈಕೊಡುತ್ತದೆ, ಅಂದು ಮಾತ್ರ ಹಾಜರಿಗೆ ಕಾಯಬೇಕು. ಸಂಜೆ ಮೂರು ಅಂಕಿ ತಾಳೆಯಾಗಬೇಕು: ಹಾಜರಿ ಪುಸ್ತಕ, ಇಲಾಖೆಗೆ ಕಳಿಸಿದ ಊಟದ ಸಂಖ್ಯೆ, ಖರ್ಚಾದ ಅಕ್ಕಿ.

ಪ್ರಮಾಣ ಪತ್ರಕ್ಕೆ ಮಂಗಳವಾರ, ಶುಕ್ರವಾರ ಕೊನೆಯ ಅವಧಿ ಎಂದು ಬಾಗಿಲಿಗೆ ಹಚ್ಚಿದರು. ಆದರೆ ಕೂಲಿ ಬಿಟ್ಟು ಬಂದವರನ್ನು ಬರಿಗೈಲಿ ಕಳಿಸುವುದು ಅನ್ಯಾಯ. ಅಂಥವರು ಅರ್ಜಿಯನ್ನು ಅಡುಗೆಯವರ ಕೈಲಿ ಕೊಟ್ಟು ಹೋದರೆ ಮರುದಿನ ಮಗುವಿನ ಕೈಲೇ ಪತ್ರ ಮನೆಗೆ ಹೋಗುತ್ತದೆ.

ಓದು ಬಾರದ ಮೂವತ್ತು ಮಕ್ಕಳು

ಆಡಳಿತವನ್ನೆಲ್ಲ ಸರಿಮಾಡುವುದು ಯಾತಕ್ಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಜುಲೈನಲ್ಲಿ ಅತಿಥಿ ಶಿಕ್ಷಕರು ಬಂದ ಮೇಲೆ 4ರಿಂದ 7ರವರೆಗಿನ 102 ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸಿದರು. ಎರಡನೇ ತರಗತಿ ಮಟ್ಟದ ಪಠ್ಯ, ಮಗುವಿಗೆ ಐದು ನಿಮಿಷ. ಒಟ್ಟು ಎಂಟೂವರೆ ತಾಸು, ನಾಲ್ವರು ಹಂಚಿಕೊಂಡರೆ ತಲಾ ಎರಡು ತಾಸಿಗೆ ತುಸು ಹೆಚ್ಚು. ಅಕ್ಷರದ ಹಂತದಲ್ಲೇ ನಿಂತವರು 11, ಬಿಡಿ ಪದ ಓದುವವರು 19, ವಾಕ್ಯ ಓದುವವರು 31, ಕಥೆ ಓದಿ ಅರ್ಥ ಹೇಳುವವರು 41.

ಆರನೇ ತರಗತಿಯ ಒಬ್ಬ ಹುಡುಗಿ "ಮಳೆ ಬಂತು, ಹೊಳೆ ತುಂಬಿ ಹರಿಯಿತು" ಎಂಬುದನ್ನು ಬೆರಳಿಟ್ಟು ಓದಿದಳು. "ವಸ್ತು" ಬಂದಾಗ "ವಸತು" ಎಂದಳು, "ಪತ್ರ"ವನ್ನು "ಪತರ" ಎಂದಳು. ಒತ್ತಕ್ಷರ ಕಂಡಲ್ಲೆಲ್ಲ ಕೆಳಗಿನ ಗುರುತನ್ನು ಇನ್ನೊಂದು ಅಕ್ಷರವೆಂದೇ ಎಣಿಸುತ್ತಿದ್ದಳು. ಪದದ ಹಂತದ 19 ಮಕ್ಕಳಲ್ಲಿ ಬಹುಪಾಲಿನ ಗಂಟು ಇದೇ. ಇಂಥವರಿಗೆ ವರ್ಣಮಾಲೆಯಿಂದ ಮತ್ತೆ ಶುರು ಮಾಡಿದರೆ ಹೊತ್ತೂ ದಂಡ, ಮಗುವಿಗೂ ಅವಮಾನ. ಸಜಾತಿ ಒತ್ತಿನಿಂದ ಹಿಡಿಯಬೇಕು: ಅಕ್ಕ, ಅಪ್ಪ, ಹಳ್ಳ, ಕಲ್ಲು. ಬಳಿಕ ಬಾಯಲ್ಲಿ ದಿನಾ ಆಡುವ ವಿಜಾತಿ ಒತ್ತಿನ ಪದಗಳು: ಬಸ್ತಿ, ರಸ್ತೆ, ಪುಸ್ತಕ. ಪುಸ್ತಕದಲ್ಲಷ್ಟೇ ಕಾಣುವವು ಕೊನೆಗೆ.

ಪರೀಕ್ಷಿಸುವಾಗ ಒಂದು ಎಚ್ಚರ ಬೇಕು. "ಹೇಳುತ್ತಾನೆ" ಎಂದಿದ್ದನ್ನು ಮಗು "ಹೇಳ್ತಾನ" ಎಂದು ಓದಿದರೆ ಅದು ತಪ್ಪಲ್ಲ. ಅರ್ಥ ಹಿಡಿದು ಮನೆಮಾತಿನಲ್ಲಿ ಹೇಳಿದೆ. ಅದನ್ನು ತಪ್ಪೆಂದು ಗುರುತು ಹಾಕಿದರೆ ಚೆನ್ನಾಗಿ ಓದುವ ಮಗು ಕೆಳಗಿನ ಗುಂಪಿಗೆ ಬೀಳುತ್ತದೆ. "ವಸತು" ಎಂಬುದು ಬೇರೆ, ಅದಕ್ಕೆ ಅರ್ಥವೇ ಇಲ್ಲ.

ಮೊದಲನೇ ಅವಧಿಯನ್ನು ಸೋಮವಾರದಿಂದ ಶುಕ್ರವಾರದವರೆಗೆ ಓದಿಗೆ ಮೀಸಲಿಟ್ಟು, ತರಗತಿ ಬಿಟ್ಟು ಹಂತದ ಪ್ರಕಾರ ನಾಲ್ಕು ಗುಂಪು ಮಾಡುವುದೆಂದು ಸಿಬ್ಬಂದಿ ಸಭೆಯಲ್ಲಿ ಇಟ್ಟರು. ತಕರಾರು ಬಂದದ್ದು ಹಿರಿಯ ಮಾಸ್ತರರಿಂದ. "ಐದು ಪೀರಿಯಡ್ ಇದಕ್ಕ ಕೊಟ್ರ ಏಳನೇತ್ತೆ ಪೋರ್ಷನ್ ಮುಗಿಸೋದ್ ಯಾವಾಗ್ರಿ?" ನ್ಯಾಯವಾದ ಪ್ರಶ್ನೆಯೇ. ಪ್ರಭಾರಿಗೆ ಹುದ್ದೆಯ ಬಲವಿಲ್ಲ, ವೇತನ ಶ್ರೇಣಿಯಲ್ಲೂ ಅವರು ಸಮಾನರೇ. ಆದೇಶ ಹೊರಡಿಸಿದ್ದರೆ ಅವಧಿ ಪಟ್ಟಿಯಲ್ಲಿ ಇರುತ್ತಿತ್ತು, ಓದು ನಡೆಯುತ್ತಿರಲಿಲ್ಲ. ಅವರು ಮೊದಲು ತಮ್ಮ ಗಣಿತದ ಒಂದು ಅವಧಿ ಬಿಟ್ಟುಕೊಟ್ಟರು. ಆಮೇಲೆ ಕನ್ನಡದಿಂದ ಮೂರು, ಚಟುವಟಿಕೆಯಿಂದ ಒಂದು ಕೇಳಿದರು. ಕನ್ನಡದ ಮೂರು ಅವಧಿ ಓದಿಗೇ ಹೋಗುವುದರಿಂದ ಮಾಸ್ತರರು ಎರಡು ತಿಂಗಳ ಮಟ್ಟಿಗೆ ನೋಡೋಣ ಎಂದು ಒಪ್ಪಿದರು.

ಗುಂಪು ಹಂಚಿದ ಬಗೆ ಗಮನಿಸಬೇಕಾದದ್ದು. ಮುಖ್ಯಸ್ಥರಾದವರು ಎಲ್ಲಕ್ಕಿಂತ ಹಿಂದುಳಿದ ಗುಂಪನ್ನು ತಾವೇ ಇಟ್ಟುಕೊಳ್ಳಬೇಕು ಎಂದು ಅನಿಸುವುದು ಸಹಜ. ಇಲ್ಲಿ ಹಾಗೆ ಮಾಡಲಿಲ್ಲ. ಎಷ್ಟೇ ತಡೆದರೂ ಪ್ರಭಾರಿಯನ್ನು ಹೊರಗೆ ಕರೆಯುವವರು ಇರುತ್ತಾರೆ. ಕಥೆ ಓದುವ 41 ಮಕ್ಕಳು ಹತ್ತು ನಿಮಿಷ ತಾವೇ ಓದಿಕೊಂಡು ಕೂರಬಲ್ಲರು, ಅಕ್ಷರ ಹಂತದ 11 ಮಕ್ಕಳು ಕೂರಲಾರರು. ಆದ್ದರಿಂದ ದೊಡ್ಡ ಗುಂಪನ್ನು ತಾವು ಇಟ್ಟುಕೊಂಡು, 11 ಮಕ್ಕಳನ್ನು ಅಕ್ಷರ ಕಲಿಸುವುದರಲ್ಲಿ ನುರಿತ ನಲಿ-ಕಲಿ ಶಿಕ್ಷಕಿಗೆ ಒಪ್ಪಿಸಿದರು. "ನನ್ನ ಸಣ್ಣ ಹುಡುಗ್ರನ್ನ ಯಾರ ನೋಡ್ತಾರ್ರಿ?" ಎಂದು ಅವರು ಕೇಳಿದರು. ನಲಿ-ಕಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ಮೆಟ್ಟಿಲಿನಿಂದ ಮುಂದುವರಿಯುವವರು. ಅತಿಥಿ ಶಿಕ್ಷಕಿ ಒಂದು ವಾರ ಪಕ್ಕದಲ್ಲಿ ಕೂತು ನೋಡಿ, ಆಮೇಲೆ ಆ ಒಂದು ಅವಧಿ ವಹಿಸಿಕೊಂಡರು. ಪದದ ಗುಂಪು ನಾಲ್ಕನೇ ಕಾಯಂ ಶಿಕ್ಷಕರಿಗೆ, ವಾಕ್ಯದ ಗುಂಪು ಹಿರಿಯ ಮಾಸ್ತರರಿಗೆ.

ಆರು ವಾರಕ್ಕೊಮ್ಮೆ ಮರುಪರೀಕ್ಷೆ, ಮೇಲೇರಿದ ಮಗು ಅಂದೇ ಮೇಲಿನ ಗುಂಪಿಗೆ. ಮೊದಲ ಮರುಪರೀಕ್ಷೆ ತಡವಾದಾಗ ಆದ ಕೆಡುಕು ಇದು: ಓದು ಬಂದ ಏಳನೇ ತರಗತಿಯ ಹುಡುಗರು ಸಣ್ಣವರ ಜೊತೆ ಕೂರಲು ನಾಚಿ ಮೊದಲನೇ ಅವಧಿ ಮುಗಿದ ಮೇಲೆ ಬರತೊಡಗಿದರು.

ಮೆಣಸಿನಕಾಯಿ ಸುಗ್ಗಿ

ಹಿಂದಿನ ವರ್ಷದ ಹಾಜರಿ ಪುಸ್ತಕದಲ್ಲಿ ನವೆಂಬರ್ ಸರಾಸರಿ 151, ಫೆಬ್ರವರಿ ಸರಾಸರಿ 119. ಎಲ್ಲರೂ ಇದಕ್ಕೆ "ಮೆಣಸಿನಕಾಯಿ ಹರಿಯಾಕ ಹೋಗ್ತಾರ್ರಿ" ಎಂಬ ಒಂದೇ ಕಾರಣ ಹೇಳುತ್ತಿದ್ದರು. ಡಿಸೆಂಬರಿನಲ್ಲಿ, ಆ ಫೆಬ್ರವರಿಯಲ್ಲಿ ಬಾರದಿದ್ದ 49 ಮಕ್ಕಳ ಹೆಸರು ಬರೆದು ಮನೆಮನೆ ವಿಚಾರಿಸಿದಾಗ ಕಾರಣಗಳು ನಾಲ್ಕು ಕಡೆ ಹರಿದವು. ಇಡೀ ಮನೆಯೇ ಗುಳೆ ಹೋಗಿದ್ದವರು 12. ತಾವೇ ಹೊಲಕ್ಕೆ, ತೊಟ್ಟು ತೆಗೆಯುವ ಕೆಲಸಕ್ಕೆ ಹೋದವರು 11. ಜ್ವರ, ಮದುವೆ, ಇತರೆ 9. ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದವರು 17, ಅದರಲ್ಲಿ ಹುಡುಗಿಯರೇ ಹೆಚ್ಚು.

"ಇಕಿ ಸಾಲಿಗಿ ಬಂದ್ರ ಕೂಸಿನ್ನ ಯಾರ ಹಿಡೀತಾರ್ರಿ ಅಕ್ಕೋರ? ಏಳಕ್ಕ ಟೆಂಪೋ ಬರ್ತೈತಿ" ಎಂದು ಒಬ್ಬ ತಾಯಿ ಕೇಳಿದ್ದಕ್ಕೆ ಹಾಜರಾತಿ ಆಂದೋಲನದಲ್ಲಾಗಲಿ ಪ್ರಭಾತಫೇರಿಯಲ್ಲಾಗಲಿ ಉತ್ತರವಿಲ್ಲ. ಉತ್ತರ ಪಂಚಾಯತಿಯಲ್ಲಿತ್ತು. ಪಂಚಾಯತಿಯ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆ ಇರುವುದು ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳಿಗೆಂದು. ಪಿಡಿಒ ಜೊತೆ ಮಾತಾಡಿ, ಜಾಬ್ ಕಾರ್ಡ್ ಇದ್ದ ಮನೆಗಳ ಕೂಸುಗಳನ್ನು ಅಲ್ಲಿಗೆ ಸೇರಿಸಿದರು. ಮೂರು ವರ್ಷ ದಾಟಿದವರನ್ನು ಅಂಗನವಾಡಿಗೆ. ಏಳರಿಂದ ಹತ್ತರ ನಡುವಿನ ಮೂರು ತಾಸಿಗೆ ಅಜ್ಜಿಯರು ಒಪ್ಪಿದ ಮನೆಗಳಲ್ಲಿ ಹುಡುಗಿಯರು ಬಂದರು, ಒಪ್ಪದ ಮನೆಗಳಲ್ಲಿ ಬರಲಿಲ್ಲ. ಗುಳೆ ಹೋಗುವವರಿಗೆ ಮಗುವಿನ ಸ್ಯಾಟ್ಸ್ ಸಂಖ್ಯೆ ಬರೆದ ಚೀಟಿ ಕೊಟ್ಟು, ಹೋದ ಊರಿನ ಶಾಲೆಯಲ್ಲಿ ತೋರಿಸಲು ಹೇಳಿದರು. ಹೊಲಕ್ಕೆ ಹೋಗುವ 11 ಮಕ್ಕಳ ವಿಷಯದಲ್ಲಿ, 14 ವರ್ಷದ ಕೆಳಗಿನವರನ್ನು ಕೂಲಿಗೆ ಕರೆಯುವುದು ಅಪರಾಧ ಎಂಬುದನ್ನು ಕೂಲಿ ಕರೆದೊಯ್ಯುವ ಮೇಸ್ತ್ರಿಗೆ ಎಸ್‌ಡಿಎಂಸಿ ಸದಸ್ಯರೇ ಹೇಳಿದರು. ಶಿಕ್ಷಕಿ ಹೇಳುವುದಕ್ಕಿಂತ ಊರಿನವರು ಹೇಳಿದ್ದು ನಾಟಿತು. ಫೆಬ್ರವರಿ ಸರಾಸರಿ 134ಕ್ಕೆ ಬಂತು.

ಐವತ್ತು ಸಾವಿರದ ಜಗಳ

ಸಮಗ್ರ ಶಿಕ್ಷಣದ ಸಂಯುಕ್ತ ಶಾಲಾ ಅನುದಾನ 101ರಿಂದ 250 ಮಕ್ಕಳ ಶಾಲೆಗೆ ವರ್ಷಕ್ಕೆ 50,000 ರೂಪಾಯಿ. ಅದರಲ್ಲಿ ಕನಿಷ್ಠ ಶೇಕಡ 10 ಸ್ವಚ್ಛತೆಗೆ. ಎಸ್‌ಡಿಎಂಸಿ ಅಧ್ಯಕ್ಷರಿಗೆ ದ್ವಾರದ ಕಮಾನಿಗೆ ಬಣ್ಣ ಹಚ್ಚಿ ಹೆಸರು ಬರೆಸುವ ಆಸೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಸಂಪರ್ಕವೇ ಇರಲಿಲ್ಲ. 18 ಪಾಲಕ ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು, ಆದರೆ ಸಭೆಗೆ ಬರುತ್ತಿದ್ದವರು ಅವರ ಗಂಡಂದಿರು, ಸಹಿಗೆ ಪುಸ್ತಕ ಮನೆಗೆ ಹೋಗುತ್ತಿತ್ತು. ಪ್ರಭಾರಿ ಮಾಡಿದ್ದು ಎರಡೇ ಬದಲಾವಣೆ. ಸಭೆಯನ್ನು ಹೊಲದ ಕೆಲಸಕ್ಕೆ ಬಿಡುವಿರುವ ಅಮಾವಾಸ್ಯೆಗೆ ಇಟ್ಟರು. ನಡಾವಳಿಯನ್ನು ಸಭೆಯಲ್ಲೇ ಬರೆದು, ಗಟ್ಟಿಯಾಗಿ ಓದಿ, ಖಾಲಿ ಜಾಗಕ್ಕೆ ಗೆರೆ ಎಳೆದು, ಆಮೇಲೆ ಸಹಿ. ಏಳು ಮಂದಿ ಮಹಿಳೆಯರು ಬಂದರು. ಶೌಚಾಲಯದ ಮಾತು ಎತ್ತಿದವರು ಅವರೇ, ಪ್ರಭಾರಿ ಬಾಯಿ ಬಿಡಬೇಕಾಗಲಿಲ್ಲ. 500 ಲೀಟರಿನ ಟ್ಯಾಂಕು, ಪೈಪು, ನಲ್ಲಿಗೆ ಮೊದಲ ಹಣ, ಉಳಿದದ್ದರಲ್ಲಿ ವಿದ್ಯುತ್ ಬಿಲ್ಲು, ಸೀಮೆಸುಣ್ಣ, ಓದಿನ ಕಾರ್ಡು. ಕಮಾನಿಗೆ ಬಣ್ಣ ಊರಿನ ದೇಣಿಗೆಯಿಂದ ಎಂದು ತೀರ್ಮಾನವಾಯಿತು, ಆ ಹೊಣೆ ಅಧ್ಯಕ್ಷರೇ ಹೊತ್ತರು. ಅವರ ಮಾನಕ್ಕೂ ಕುಂದಾಗಲಿಲ್ಲ.

ಮಾರ್ಚಿನ ಹೊತ್ತಿಗೆ

ಎರಡು ವಾರದ ಹಾಳೆಯನ್ನು ಮತ್ತೆ ಇಟ್ಟಾಗ 60ರಲ್ಲಿ ಮುರಿದದ್ದು 9 ಅವಧಿ. ಓದಿನಲ್ಲಿ ಅಕ್ಷರ ಹಂತ 11ರಿಂದ 3ಕ್ಕೆ, ಪದ 19ರಿಂದ 9ಕ್ಕೆ, ವಾಕ್ಯ 31ರಿಂದ 29ಕ್ಕೆ ಇಳಿದು, ಕಥೆ ಓದುವವರು 41ರಿಂದ 61ಕ್ಕೆ ಏರಿದರು. ಅಕ್ಷರದಲ್ಲೇ ಉಳಿದ ಮೂವರಲ್ಲಿ ಒಬ್ಬನಿಗೆ ಕಣ್ಣು ಮಂದ ಎಂಬುದು ಜನವರಿಯ ತಪಾಸಣೆಯಲ್ಲಿ ತಿಳಿಯಿತು. ಈ ತಪಾಸಣೆ ಜೂನಿನಲ್ಲೇ ಆಗಬೇಕಿತ್ತು.

ಬಗೆಹರಿಯದೆ ಉಳಿದದ್ದೂ ಇದೆ. ವ್ಯಾನು ಕಳಿಸುವ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋಗುವ ಮಕ್ಕಳನ್ನು ಹಿಡಿದಿಡಲು ಒಂದು ವರ್ಷದ ಓದಿನ ಫಲ ಸಾಕಾಗುವುದಿಲ್ಲ. ಮುಖ್ಯಶಿಕ್ಷಕರ ಹುದ್ದೆ ಹಾಗೇ ಖಾಲಿ. ಜೂನಿನಲ್ಲಿ ಅತಿಥಿ ಶಿಕ್ಷಕರು ಬರುವವರೆಗೆ ಆರು ಘಟಕಗಳಿಗೆ ನಾಲ್ವರೇ. ಆ ದಿನಗಳಲ್ಲಿ ನಲಿ-ಕಲಿಯ ಎರಡು ಘಟಕ ಕೂಡಿಸಿ ಒಬ್ಬರಿಗೆ, ಉಳಿದ ಮೂವರಲ್ಲಿ ಒಬ್ಬರು ಅಕ್ಷರ ಮತ್ತು ಪದದ ಮಕ್ಕಳನ್ನು ಕೂಡಿಸಿ ನೋಡುವುದು, ಹಿರಿಯ ಮಾಸ್ತರರು ವಾಕ್ಯದ ಗುಂಪನ್ನು ಮುಂದುವರಿಸುವುದು, ಪ್ರಭಾರಿ ಕಥೆಯ ಗುಂಪಿನ ಜೊತೆ ಹೊಸ ದಾಖಲಾತಿಯ ಕೆಲಸವನ್ನೂ ಇಟ್ಟುಕೊಳ್ಳುವುದೆಂದು ಏಪ್ರಿಲ್ ರಜೆಗೆ ಮುಂಚಿನ ಸಭೆಯ ನಡಾವಳಿಯಲ್ಲಿ ಬರೆದಿಟ್ಟಿದ್ದಾರೆ.